ಹಾಡಿಸಿ ಕೇಳಿ, ಆಮೇಲೆ ಅಂಕ ನೋಡಿ

ಕಬ್ಬನ್ ರಸ್ತೆಯ 1ನೇ ನಂಬರಿನಲ್ಲಿ ವಾಯುಪಡೆಯ ಏರ್‌ಮೆನ್ ಆಯ್ಕೆ ಕೇಂದ್ರವಿದೆ. ಶಿವಾಜಿನಗರದಿಂದ ನಡೆದೇ ಹೋಗಬಹುದು. 2024ರ ಜುಲೈಯಲ್ಲಿ ಅಲ್ಲಿ ಅಗ್ನಿವೀರವಾಯು ಸಂಗೀತಗಾರರ ನೇಮಕಾತಿ ನಡೆಯಿತು. ಇಡೀ ದೇಶಕ್ಕೆ ಗೊತ್ತುಮಾಡಿದ್ದ ಎರಡು ಜಾಗಗಳಲ್ಲಿ ಅದು ಒಂದು, ಇನ್ನೊಂದು ಕಾನ್ಪುರ. ಓದಿನ ವಿಷಯದಲ್ಲಿ ಕೇಳಿದ್ದು ಇಷ್ಟೇ: ಹತ್ತನೇ ತರಗತಿ ಪಾಸಾಗಿರಬೇಕು. ಸಂಗೀತದ ವಿಷಯಕ್ಕೆ ಬಂದರೆ ಪಟ್ಟಿ ಉದ್ದವಿತ್ತು. ಕಾಲಪ್ರಮಾಣ ಕೆಡದಂತೆ, ಶ್ರುತಿ ತಪ್ಪದಂತೆ ಒಂದು ವಾದ್ಯವನ್ನಾದರೂ ನುಡಿಸಬೇಕು. ಒಂದು ಹಾಡನ್ನು ಪೂರ್ತಿ ಹಾಡಬೇಕು. ತನ್ನ ವಾದ್ಯವನ್ನು ತಾನೇ ಶ್ರುತಿ ಮಾಡಿಕೊಳ್ಳಬೇಕು. ಸ್ಟಾಫ್ ನೊಟೇಷನ್, ಟಾನಿಕ್ ಸಾಲ್ಫಾ, ಹಿಂದೂಸ್ತಾನಿ, ಕರ್ನಾಟಕ ಪದ್ಧತಿ, ಯಾವುದಾದರೂ ಒಂದು ಸ್ವರಲಿಪಿ ನೋಡಿ ನುಡಿಸಬೇಕು. ಇಷ್ಟಾದ ಮೇಲೆ ಇಂಗ್ಲಿಷ್ ಪರೀಕ್ಷೆ, ಓಟ, ವೈದ್ಯರ ತಪಾಸಣೆ.

ಇದು ಕಾಲೇಜು ಪ್ರವೇಶವಲ್ಲ, ಸೈನ್ಯದ ನೌಕರಿ ಎಂದು ನನಗೂ ಗೊತ್ತು. ಆದರೂ ಇದನ್ನೇ ಮೊದಲು ಹೇಳಿದ್ದಕ್ಕೆ ಕಾರಣವಿದೆ. ಕ್ಲಾರಿನೆಟ್ ನುಡಿಸುವ ಅದೇ ಹುಡುಗ, ಪಿಟೀಲು ನುಡಿಸುವ ಅದೇ ಹುಡುಗಿ ಪಿಯುಸಿ ಮುಗಿಸಿ, ಸಂಗೀತವನ್ನು ಒಂದು ವಿಷಯವಾಗಿಟ್ಟುಕೊಂಡು ಬಿ.ಎ. ಓದಬೇಕೆಂದು ಸರ್ಕಾರಿ ಕಾಲೇಜಿಗೆ ಅರ್ಜಿ ಹಾಕಿದರೆ ಮೊದಲು ಎದುರಾಗುವುದು ಯುಯುಸಿಎಂಎಸ್ ಪೋರ್ಟಲ್. ಅಲ್ಲಿ ಅಂಕ ತುಂಬಬೇಕು, ವರ್ಗ ತುಂಬಬೇಕು, ಆದಾಯ ತುಂಬಬೇಕು. ಪಟ್ಟಿ ತಯಾರಾಗುವುದು ಪಿಯುಸಿ ಅಂಕ ಮತ್ತು ಮೀಸಲಾತಿಯ ಮೇಲೆ. ಕೆಲವು ಸಂಗೀತ ವಿಭಾಗಗಳ ಮೇಷ್ಟ್ರುಗಳು ತಮ್ಮ ಶ್ರದ್ಧೆಯಿಂದ ಮಕ್ಕಳನ್ನು ಕೂರಿಸಿಕೊಂಡು ಹಾಡಿಸಿ ಕೇಳುತ್ತಾರೆ, ಅವರಿಗೆ ನಮಸ್ಕಾರ. ಆದರೆ ಹಾಗೆ ಕೇಳಿದ್ದಕ್ಕೆ ಎಷ್ಟು ತೂಕ, ಅಂಕಕ್ಕೆ ಎಷ್ಟು ತೂಕ ಎಂದು ಪ್ರವೇಶ ಪ್ರಕಟಣೆಯಲ್ಲಿ ಅಚ್ಚು ಹಾಕಿಸಿರುವುದು ಅಪರೂಪ.

ಕಂಟೋನ್ಮೆಂಟಿನಿಂದ ಕೆ.ಆರ್. ಪುರದವರೆಗಿನ ಬೆಂಗಳೂರಿಗೆ ಈ ಮಾತು ಹೆಚ್ಚು ತಟ್ಟಬೇಕು. ಯಾಕೆಂದರೆ ಸಂಗೀತ ಇಲ್ಲಿ ಗಲ್ಲಿಗಲ್ಲಿಯಲ್ಲಿ ಬೇರುಬಿಟ್ಟಿದೆ. ಕಬ್ಬನ್ ರಸ್ತೆಯ ಸೇಂಟ್ ಆಂಡ್ರ್ಯೂಸ್ ಚರ್ಚಿನಲ್ಲಿ ಹತ್ತೊಂಬತ್ತನೇ ಶತಮಾನದ ಪೈಪ್ ಆರ್ಗನ್ ಇದೆ. ಶಿವಾಜಿನಗರದ ಸೇಂಟ್ ಮೇರಿ ಬೆಸಿಲಿಕಾದಲ್ಲಿ ಆಗಸ್ಟ್ 29ಕ್ಕೆ ಧ್ವಜ ಏರಿದರೆ ಸೆಪ್ಟೆಂಬರ್ 8ರ ಹಬ್ಬದವರೆಗೆ ಕನ್ನಡ, ತಮಿಳು, ಇಂಗ್ಲಿಷ್ ಗಾಯನವೃಂದಗಳಿಗೆ ಬಿಡುವಿಲ್ಲ. ಹಲಸೂರು ಕೆರೆಯ ಪಕ್ಕದ ಮದ್ರಾಸ್ ಎಂಜಿನಿಯರ್ ಗ್ರೂಪಿಗೆ ತನ್ನದೇ ಬ್ಯಾಂಡ್ ಇದೆ. ಅಲ್ಲೇ ಹತ್ತಿರದ ಸೋಮೇಶ್ವರ ಗುಡಿಯ ಉತ್ಸವಕ್ಕೆ ನಾಗಸ್ವರ, ಡೋಲು. ಇಂದಿರಾನಗರಕ್ಕೆ ಬಂದರೆ ಸಂಗೀತ ಸಭಾದವರ ಪುರಂದರ ಭವನ, ಈಸ್ಟ್ ಕಲ್ಚರಲ್ ಅಸೋಸಿಯೇಷನ್ನಿನ ಅಂಗಳ. ಒಂದೇ ರಸ್ತೆಯಲ್ಲಿ ಒಂದು ಮನೆಯಿಂದ ಸರಳೆ ವರಸೆ, ಎದುರು ಮನೆಯಿಂದ ಪಿಯಾನೊ ಸ್ಕೇಲು ಕೇಳಿಸುವ ಬಡಾವಣೆಗಳಿವು. ಅರುಣಾ ಸುಂದರ್‌ಲಾಲ್ 1987ರಲ್ಲಿ ಕಟ್ಟಿದ ಬೆಂಗಳೂರು ಸ್ಕೂಲ್ ಆಫ್ ಮ್ಯೂಸಿಕ್ ಇರುವುದು ಆರ್.ಟಿ. ನಗರದ ಕಡೆ, ಪಾಶ್ಚಾತ್ಯ ಸಂಗೀತ ಕಲಿಯುವ ಈ ಭಾಗದ ಮಕ್ಕಳಿಗೆ ಅದರ ಹೆಸರು ಹೊಸದಲ್ಲ.

ಸಂಗೀತದ ಪದವಿ ಬೇಕೆಂದರೆ ಮಾತ್ರ ಊರು ದಾಟಬೇಕು. ಬೆಂಗಳೂರು ವಿಶ್ವವಿದ್ಯಾಲಯದ ಪ್ರದರ್ಶನ ಕಲೆಗಳ ವಿಭಾಗ ಇರುವುದು ಪಶ್ಚಿಮದ ಜ್ಞಾನಭಾರತಿಯಲ್ಲಿ. ಒಂದು ಅನುಕೂಲವಾಗಿದೆ: 2023ರ ಅಕ್ಟೋಬರಿನಲ್ಲಿ ಮೆಟ್ರೊ ನೇರಳೆ ಮಾರ್ಗ ಪೂರ್ತಿ ತೆರೆದ ಮೇಲೆ ಕೃಷ್ಣರಾಜಪುರದಲ್ಲಿ ಹತ್ತಿದವರು ಇಂದಿರಾನಗರ, ಹಲಸೂರು, ಟ್ರಿನಿಟಿ ದಾಟಿ ಒಂದೇ ರೈಲಿನಲ್ಲಿ ಜ್ಞಾನಭಾರತಿ ನಿಲ್ದಾಣದಲ್ಲಿ ಇಳಿಯಬಹುದು. ಇಲ್ಲವಾದರೆ ಮೈಸೂರು, ಅಲ್ಲಿ ವಿಶ್ವವಿದ್ಯಾಲಯದ ಲಲಿತಕಲಾ ಕಾಲೇಜಿದೆ, ಗಂಗೂಬಾಯಿ ಹಾನಗಲ್ ಅವರ ಹೆಸರಿನ ಸಂಗೀತ ವಿಶ್ವವಿದ್ಯಾಲಯವಿದೆ. ಪಿಯುಸಿಯ ಐಚ್ಛಿಕ ವಿಷಯಗಳ ಪಟ್ಟಿಯಲ್ಲಿ ಕರ್ನಾಟಕ ಸಂಗೀತ, ಹಿಂದೂಸ್ತಾನಿ ಸಂಗೀತ ಎರಡೂ ಇವೆ. ಆದರೆ ಕಲಿಸುವ ಕಾಲೇಜು ಹುಡುಕಿಕೊಂಡು ಹೊರಟರೆ ಚಪ್ಪಲಿ ಸವೆಯುತ್ತದೆ. ಹಾಗಾಗಿ ಬಹುಪಾಲು ಮಕ್ಕಳು ಕಾಮರ್ಸೋ ಸೈನ್ಸೋ ಓದಿದ ಅಂಕಪಟ್ಟಿ ಹಿಡಿದೇ ಸಂಗೀತದ ಬಾಗಿಲಿಗೆ ಬರುತ್ತಾರೆ. ಲೆಕ್ಕಶಾಸ್ತ್ರದಲ್ಲಿ ಬಂದ ಅಂಕ ಇವರ ಕಲ್ಯಾಣಿಯ ಬಗ್ಗೆ ಏನು ಹೇಳೀತು?

ಇಲ್ಲಿ ಪೋಷಕರು ಒಂದು ಮಾತು ಹೇಳುವುದನ್ನು ಮತ್ತೆ ಮತ್ತೆ ಕೇಳಿದ್ದೇನೆ: "ನಮ್ಮ ಮಗಳಿಗೆ ಗ್ರೇಡ್ ಎಯ್ಟ್ ಆಗಿದೆ, ಸೀಟು ಸಿಗಲ್ವಾ?" ಕಂಟೋನ್ಮೆಂಟಿನ ಮನೆಗಳಲ್ಲಿ ಗ್ರೇಡ್ ಎನ್ನುವುದು ದೊಡ್ಡ ಮಾತು. ಲಂಡನ್ನಿನ ಟ್ರಿನಿಟಿ ಕಾಲೇಜಿನದೋ ಅಸೋಸಿಯೇಟೆಡ್ ಬೋರ್ಡಿನದೋ ಪ್ರಮಾಣಪತ್ರ ಗೋಡೆಯ ಮೇಲಿರುತ್ತದೆ. ಅದರ ಬೆಲೆ ಏನು, ಎಲ್ಲಿಯವರೆಗೆ ಎಂದು ತಿಳಿಯಲು ಅಂಕ ಹೇಗೆ ಹಂಚಿಕೆಯಾಗುತ್ತದೆ ಎಂದು ನೋಡಬೇಕು. ಅಸೋಸಿಯೇಟೆಡ್ ಬೋರ್ಡಿನ ಮುಖಾಮುಖಿ ಪ್ರಾಯೋಗಿಕ ಪರೀಕ್ಷೆಗೆ 150 ಅಂಕ. ಪಾಸಿಗೆ 100, ಮೆರಿಟ್ಟಿಗೆ 120, ಡಿಸ್ಟಿಂಕ್ಷನ್ನಿಗೆ 130. ಈ 150ರಲ್ಲಿ 90 ಅಂಕ ಮೊದಲೇ ತಯಾರು ಮಾಡಿಕೊಂಡು ಹೋದ ಮೂರು ರಚನೆಗಳಿಗೆ. ಸ್ಕೇಲುಗಳಿಗೆ 21. ಹಿಂದೆಂದೂ ಕಾಣದ ಹಾಳೆಯನ್ನು ಅಲ್ಲೇ ನೋಡಿ ನುಡಿಸುವ ಸೈಟ್ ರೀಡಿಂಗಿಗೆ 21, ಕಿವಿಯ ಪರೀಕ್ಷೆಗೆ 18. ಅಂದರೆ ಒಂದು ವರ್ಷವಿಡೀ ಮೂರೇ ಮೂರು ತುಣುಕುಗಳನ್ನು ಉಜ್ಜಿ ಉಜ್ಜಿ ಹೊಳಪು ಮಾಡಿದ ಮಗು, ಕಿವಿ ಅಷ್ಟಾಗಿ ತೆರೆಯದಿದ್ದರೂ ಒಳ್ಳೆಯ ಅಂಕ ತೆಗೆಯಬಹುದು. ಕಾಲೇಜಿನ ಆಡಿಷನ್ನಿನಲ್ಲಿ ಆ ಮಗು ಬೆವರುವುದು ಇದಕ್ಕೇ. ಅಲ್ಲಿ ಕೇಳುವವರು ತಯಾರಾದ ರಚನೆಯನ್ನು ನಡುವೆಯೇ ನಿಲ್ಲಿಸಿ, "ಇದನ್ನೇ ಇನ್ನೊಂದು ಶ್ರುತಿಯಲ್ಲಿ ನುಡಿಸು" ಎನ್ನಬಹುದು.

ನಮ್ಮ ಕರ್ನಾಟಕದ್ದೇ ಆದ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳ ಕಥೆ ಸ್ವಲ್ಪ ಬೇರೆ. ಅಲ್ಲಿ ಲಿಖಿತವೂ ಉಂಟು, ಪ್ರಾಯೋಗಿಕವೂ ಉಂಟು. ಲಕ್ಷಣ ಬರೆಯಬೇಕು, ಲಕ್ಷ್ಯ ಹಾಡಿ ತೋರಿಸಬೇಕು. ಸೀನಿಯರ್ ಮುಗಿಸಿದ ಮಗು ಡಿಗ್ರಿ ತರಗತಿಗೆ ಕೂತರೆ ಮೊದಲ ವರ್ಷದ ಪಾಠ ಹೊರೆಯಾಗುವುದಿಲ್ಲ ಎಂದು ಸಂಗೀತ ಕಲಿಸುವವರೆಲ್ಲ ಬಲ್ಲರು. ಅಸೋಸಿಯೇಟೆಡ್ ಬೋರ್ಡಿನವರೂ ಒಂದು ಒಳ್ಳೆಯ ಕಟ್ಟು ಇಟ್ಟುಕೊಂಡಿದ್ದಾರೆ: ಐದನೇ ಗ್ರೇಡಿನ ಥಿಯರಿ ಪಾಸಾಗದೆ ಸಾಮಾನ್ಯವಾಗಿ ಆರನೇ ಗ್ರೇಡಿನ ಪ್ರಾಯೋಗಿಕ ಪರೀಕ್ಷೆಗೆ ಬಿಡುವುದಿಲ್ಲ. ಬೆರಳು ಎಷ್ಟೇ ಓಡಲಿ, ಬರಹ ಗೊತ್ತಿಲ್ಲದಿದ್ದರೆ ಮುಂದಿನ ಮೆಟ್ಟಿಲಿಲ್ಲ. ಓದು ಬೇರೆ, ಸಂಗೀತ ಬೇರೆ ಎಂದು ಜಗಳ ಹಚ್ಚುವವರು ಇದನ್ನು ಗಮನಿಸಬೇಕು.

ಓದೂ ಸಂಗೀತವೂ ಒಬ್ಬರಲ್ಲೇ ತುಂಬಿ ಬಂದ ಉದಾಹರಣೆ ನಮ್ಮ ನಾಡಿನಲ್ಲೇ ಇದೆ. ಜಯಚಾಮರಾಜ ಒಡೆಯರ್ 1938ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಿಂದ ಚಿನ್ನದ ಪದಕಗಳೊಂದಿಗೆ ಪದವಿ ಪಡೆದರು. ಪಿಯಾನೊದಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಆದರು. ಕಛೇರಿ ಮಾಡುವ ಪಿಯಾನೊ ವಾದಕನಾಗಬೇಕೆಂಬ ಆಸೆಯಿತ್ತು. 1940ರಲ್ಲಿ ತಂದೆಯೂ ದೊಡ್ಡಪ್ಪನೂ ಕೆಲವೇ ತಿಂಗಳ ಅಂತರದಲ್ಲಿ ತೀರಿಕೊಂಡು ಸಿಂಹಾಸನ ಹೆಗಲಿಗೆ ಬಿತ್ತು. ಆಮೇಲೂ ಸಂಗೀತ ಬಿಡಲಿಲ್ಲ. 1948ರಲ್ಲಿ ಲಂಡನ್ನಿನ ಫಿಲ್ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದರು, ಇತ್ತ 'ಶ್ರೀವಿದ್ಯಾ' ಅಂಕಿತದಲ್ಲಿ ಕರ್ನಾಟಕ ಸಂಗೀತದ ಕೃತಿಗಳನ್ನು ರಚಿಸಿದರು. ಅವರಿಗೆ ಗುರು, ಪಿಯಾನೊ, ಪುಸ್ತಕ ಯಾವುದಕ್ಕೂ ಕೊರತೆಯಿರಲಿಲ್ಲ. ಕೆ.ಆರ್. ಪುರದ ಎರಡು ಕೋಣೆಯ ಮನೆಯ ಮಗುವಿನ ಲೆಕ್ಕ ಬೇರೆಯೇ ಇರುತ್ತದೆ.

ಹೊರಗಿನ ಪ್ರಪಂಚ ಈ ತೂಕವನ್ನು ಹೇಗೆ ಹಾಕುತ್ತದೆ ನೋಡೋಣ. ಅಮೆರಿಕದಲ್ಲಿ ಎರಡು ಬಗೆ. ಕನ್ಸರ್ವೇಟರಿ ಎನ್ನುವ ಶುದ್ಧ ಸಂಗೀತ ಶಾಲೆಗಳಲ್ಲಿ ಆಡಿಷನ್ನೇ ಮುಖ್ಯ, ಶಾಲೆಯ ಅಂಕ ಹಿಂದಿನ ಸಾಲಿನಲ್ಲಿರುತ್ತದೆ. ಫಿಲಡೆಲ್ಫಿಯಾದ ಕರ್ಟಿಸ್ ಸಂಸ್ಥೆ 1928ರಿಂದ ಬೋಧನಾ ಶುಲ್ಕವನ್ನೇ ತೆಗೆದುಕೊಂಡಿಲ್ಲ. ದುಡ್ಡಿನ ಮಾತು ಬದಿಗೆ ಸರಿದ ಮೇಲೆ ಅಲ್ಲಿ ನಿಲ್ಲುವುದು ನುಡಿಸಾಣಿಕೆಯೊಂದೇ. ಬಾಸ್ಟನ್ನಿನ ಬರ್ಕ್‌ಲೀಯಲ್ಲಿ ಸುಮಾರು 15 ನಿಮಿಷದ ಆಡಿಷನ್, ಅದರ ಜೊತೆಗೊಂದು ಸಂದರ್ಶನ. ತಯಾರಾದ ರಚನೆ, ಅಲ್ಲೇ ಕಟ್ಟಿ ನುಡಿಸುವ ಇಂಪ್ರೊವೈಸೇಷನ್, ಸೈಟ್ ರೀಡಿಂಗ್, ಕಿವಿಯ ಪರೀಕ್ಷೆ, ಎಲ್ಲವೂ ಆ ಹೊತ್ತಿನೊಳಗೆ ಮುಗಿಯುತ್ತದೆ. ದೊಡ್ಡ ವಿಶ್ವವಿದ್ಯಾಲಯಗಳೊಳಗಿನ ಸಂಗೀತ ಶಾಲೆಗಳದು ಇನ್ನೊಂದು ಬಗೆ. ಅಲ್ಲಿ ಎರಡು ಬಾಗಿಲು: ವಿಶ್ವವಿದ್ಯಾಲಯ ಅಂಕ ನೋಡಿ ಒಪ್ಪಬೇಕು, ಸಂಗೀತ ಶಾಲೆ ಕೇಳಿ ಒಪ್ಪಬೇಕು. ಒಂದು ತೆರೆದು ಇನ್ನೊಂದು ಮುಚ್ಚಿದರೆ ಸೀಟಿಲ್ಲ. ಬ್ರಿಟನ್ನಿನಲ್ಲಿ ಎಂಟನೇ ಗ್ರೇಡ್ ಡಿಸ್ಟಿಂಕ್ಷನ್ನಿಗೆ ವಿಶ್ವವಿದ್ಯಾಲಯ ಪ್ರವೇಶದ 30 ಪಾಯಿಂಟು ಸಿಗುತ್ತದೆ. ಎ-ಲೆವೆಲ್ಲಿನ ಒಂದು ವಿಷಯದಲ್ಲಿ ಅತ್ಯುನ್ನತ ದರ್ಜೆ ಪಡೆದರೆ 56. ಇಂದಿರಾನಗರದಲ್ಲಿ ಕೂತು ಹೊರದೇಶದ ಕನಸು ಕಾಣುವವರು ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಲಿ. ಗ್ರೇಡಿಗೆ ಬೆಲೆಯಿದೆ, ಆದರೆ ಶಾಲೆಯ ಓದಿನ ಜಾಗವನ್ನು ಅದೊಂದೇ ತುಂಬುವುದಿಲ್ಲ.

ದೂರ ಹೋಗುವುದೇ ಬೇಡ. ದೆಹಲಿ ವಿಶ್ವವಿದ್ಯಾಲಯ ಪಠ್ಯೇತರ ಕೋಟಾದಡಿ ಸೀಟು ಕೊಡುವಾಗ ಸಿಯುಇಟಿ ಪ್ರವೇಶ ಪರೀಕ್ಷೆಯ ಅಂಕಕ್ಕೆ 25 ಪಾಲು, ಕಲೆಗೆ 75 ಪಾಲು ಎಂದು ಬರೆದಿಟ್ಟಿದೆ. ಆ ಪಾಲು ಸರಿಯೋ ತಪ್ಪೋ ಎಂದು ವಾದಿಸಬಹುದು. ವಾದಿಸಲು ಅಲ್ಲೊಂದು ಅಂಕಿಯಾದರೂ ಇದೆ. ಅರ್ಜಿ ಹಾಕುವ ಮಗುವಿಗೆ ತಾನು ಯಾವುದಕ್ಕೆ ಎಷ್ಟು ಹೊತ್ತು ಕೊಡಬೇಕು ಎಂದು ತಿಳಿಯುತ್ತದೆ. ನನಗೆ ಬೇಕಿರುವುದು ಮೊದಲಿಗೆ ಇಷ್ಟೇ.

ನಮ್ಮ ಆಕಾಶವಾಣಿಯೂ ಈ ವಿದ್ಯೆಯನ್ನು ಎಂದೋ ಕಲಿತಿತ್ತು. ಬಿ.ವಿ. ಕೇಸ್ಕರ್ ಮಂತ್ರಿಯಾಗಿದ್ದ 1950ರ ದಶಕದಲ್ಲಿ ಕಲಾವಿದರನ್ನೆಲ್ಲ ಆಡಿಷನ್ನಿಗೆ ಕೂರಿಸಿ ದರ್ಜೆ ಕೊಡುವ ಪದ್ಧತಿ ಬಂತು. ದೊಡ್ಡ ದೊಡ್ಡವರು ಸಿಟ್ಟಾದರು, ಕೆಲವರು ಬಹಿಷ್ಕರಿಸಿದರು. ಆ ಸಿಟ್ಟಿನಲ್ಲಿ ನ್ಯಾಯವೂ ಇತ್ತು, ಜೀವಮಾನವಿಡೀ ಹಾಡಿದವರನ್ನು ಪರೀಕ್ಷೆಗೆ ನಿಲ್ಲಿಸುವುದು ಅವಮಾನವೇ. ಆದರೆ ಹೊಸಬರಿಗೆ ಅದರಿಂದ ಒಂದು ದಾರಿ ತೆರೆಯಿತು. ಬೆಂಗಳೂರಿನಲ್ಲಿ 1955ರಿಂದ ಇರುವ ನಿಲಯಕ್ಕೆ ಅರ್ಜಿ ಹಾಕುವ ಗಾಯಕಿಯನ್ನು 'ಡಿಗ್ರಿ ಎಲ್ಲಿ?' ಎಂದು ತಡೆಯುವುದಿಲ್ಲ. ಬಿ, ಬಿ-ಹೈ, ಎ, ಎ-ಟಾಪ್, ಯಾವ ದರ್ಜೆಯಾದರೂ ಕಿವಿಯ ತೀರ್ಪು.

ಈಗ ಆ ಮೈಸೂರಿನ ವಿಶ್ವವಿದ್ಯಾಲಯದ ಹೆಸರಿಗೆ ಬರುತ್ತೇನೆ. ಗಂಗೂಬಾಯಿ ಹಾನಗಲ್ ಪ್ರಾಥಮಿಕ ಶಾಲೆಯಾಚೆ ಓದಿದವರಲ್ಲ. ಮುಂದೆ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಗೌರವ ಪ್ರಾಧ್ಯಾಪಕರಾದರು. ಮಲ್ಲಿಕಾರ್ಜುನ ಮನ್ಸೂರರು ಎಳವೆಯಲ್ಲೇ ಶಾಲೆ ಬಿಟ್ಟು ನಾಟಕ ಕಂಪನಿಗೆ ಹೋದವರು. ಅವರಿಗೂ ಅದೇ ವಿಶ್ವವಿದ್ಯಾಲಯ ಡಾಕ್ಟರೇಟ್ ಕೊಟ್ಟು ಗೌರವಿಸಿತು. ಇಂದಿನ ಪ್ರವೇಶದ ನಿಯಮಗಳನ್ನು ಹಿಡಿದು ನಿಂತರೆ ಪದವಿ ತರಗತಿಗೆ ಇವರಿಬ್ಬರೂ ಅರ್ಜಿಯನ್ನೇ ಹಾಕುವಂತಿರಲಿಲ್ಲ. ನಾಡು ಇಂಥವರ ಹೆಸರನ್ನು ಸಂಗೀತದ ವಿಶ್ವವಿದ್ಯಾಲಯಕ್ಕೆ ಇಟ್ಟ ಮೇಲೆ, ಆ ಹೆಸರಿನ ಋಣ ತೀರಿಸುವ ದಾರಿ ಒಂದೇ: ಮೊದಲು ಕಂಠ ಕೇಳುವುದು.

ಹಾಗೆಂದು ಮಕ್ಕಳ ಮುಂದೆ 'ಗಂಗೂಬಾಯಿ ಓದಿದ್ದರೇ?' ಎಂದು ಹೇಳಿ ಪುಸ್ತಕ ಮುಚ್ಚಿಸಬೇಡಿ. ಕಾಲ ಬದಲಾಗಿದೆ. ಕಾಲೇಜಿನಲ್ಲಿ ಸಂಗೀತ ಕಲಿಸುವ ಅಧ್ಯಾಪಕ ಹುದ್ದೆಗೆ ಅರ್ಹತೆ ಕೊಡುವ ಯುಜಿಸಿ ನೆಟ್ ಪರೀಕ್ಷೆಗೆ ಕೂರಬೇಕಾದರೆ ಸ್ನಾತಕೋತ್ತರ ಪದವಿಯಲ್ಲಿ 55 ಪ್ರತಿಶತ ಬೇಕು; ಮೀಸಲು ವರ್ಗದವರಿಗೆ 50. ಆ ಗೆರೆಗೆ ಒಂದು ಅಂಕ ಕಡಿಮೆಯಾದರೂ ತೋಡಿಯನ್ನು ಎಷ್ಟು ಚೆನ್ನಾಗಿ ಹಾಡುತ್ತೀರಿ ಎಂದು ಯಾರೂ ಕೇಳುವುದಿಲ್ಲ. ಕಛೇರಿಯೊಂದನ್ನೇ ನಂಬಿ ಬದುಕುವವರು ಎಷ್ಟು ಕಡಿಮೆ ಎಂಬುದು ಈ ಊರಿನ ಪ್ರತಿಯೊಬ್ಬ ಪಕ್ಕವಾದ್ಯದವರಿಗೂ ಗೊತ್ತು. ಪಾಠ ಹೇಳಿ ಜೀವನ ಸಾಗಿಸಬೇಕಾದ ಮಗುವಿಗೆ ಅಂಕಪಟ್ಟಿ ಅನ್ನದ ಚೀಟಿ.

ಆದ್ದರಿಂದ ನನ್ನ ತೀರ್ಮಾನ ಇದು. ಓದಿಗೆ ಒಂದು ಕನಿಷ್ಠ ಗೆರೆ ಇರಲಿ, ಪಿಯುಸಿ ಪಾಸು ಸಾಕು. ಆ ಗೆರೆ ದಾಟಿದವರ ನಡುವೆ ಯಾರಿಗೆ ಸೀಟು ಎನ್ನುವುದನ್ನು, ಮೀಸಲಾತಿಯ ಚೌಕಟ್ಟಿನೊಳಗೇ, ಆಡಿಷನ್ ನಿರ್ಧರಿಸಲಿ. 92 ಪ್ರತಿಶತದವಳು 61 ಪ್ರತಿಶತದವಳಿಗಿಂತ ಒಳ್ಳೆಯ ಸಂಗೀತ ವಿದ್ಯಾರ್ಥಿನಿ ಎಂದು ಹೇಳಲು ಅಂಕಪಟ್ಟಿಗೆ ಬಾಯಿಲ್ಲ.

ಆಡಿಷನ್ ಎಂದರೆ ಹೇಗಿರಬೇಕು? ಒಂದು ಕೋಣೆ, ಮೂವರು ಕೇಳುವವರು, ಒಂದು ತಂಬೂರಿ ಅಥವಾ ಶ್ರುತಿಪೆಟ್ಟಿಗೆ. ಮೊದಲು ಮಗುವೇ ತನ್ನ ಶ್ರುತಿ ಆರಿಸಿಕೊಂಡು ಷಡ್ಜ ಹಿಡಿಯಲಿ. ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ, ಕೇಳುವ ಕಿವಿಗೆ ಆ ಒಂದು ಸ್ವರ ಸಾಕಷ್ಟು ಹೇಳಿಬಿಡುತ್ತದೆ. ಆಮೇಲೆ ಒಂದು ವರ್ಣ, ಎರಡು ಕಾಲದಲ್ಲಿ. ಕೈಯ ತಾಳ ಎರಡನೇ ಕಾಲಕ್ಕೆ ಓಡುತ್ತದೆಯೋ ನಿಲ್ಲುತ್ತದೆಯೋ ಅಲ್ಲಿ ಕಾಣುತ್ತದೆ. ಆಮೇಲೆ ಬಂದದ್ದೊಂದು ಕೃತಿ, ದೇವರನಾಮವಾದರೂ ಸರಿ. ಚರ್ಚಿನ ಗಾಯನವೃಂದದಿಂದ ಬಂದ ಮಗು ತನಗೆ ಗೊತ್ತಿರುವ ಸ್ತುತಿಗೀತೆಯನ್ನೇ ಹಾಡಲಿ, ದರ್ಗಾದ ಅಂಗಳದಲ್ಲಿ ಕವ್ವಾಲಿ ಕೇಳಿ ಬೆಳೆದವನು ಅದನ್ನೇ ಹಾಡಲಿ. ಇಷ್ಟರವರೆಗೆ ತಿಳಿಯುವುದು ಪಾಠಾಂತರ. ಒಳ್ಳೆಯ ಗುರು ಸಿಕ್ಕಿದ್ದರೆ, ಅಪ್ಪನ ಕೈಯಲ್ಲಿ ದುಡ್ಡಿದ್ದರೆ ಅದು ಗಟ್ಟಿಯಾಗಿಯೇ ಇರುತ್ತದೆ.

ಇಲ್ಲಿಂದ ಮುಂದಿನ ಐದು ನಿಮಿಷವೇ ನನಗೆ ಎಲ್ಲಕ್ಕಿಂತ ಮುಖ್ಯ. ಕೇಳುವವರಲ್ಲಿ ಒಬ್ಬರು ಮಗು ಎಂದೂ ಕೇಳಿರದ ಒಂದು ಸ್ವರಗುಚ್ಛವನ್ನು ಅಲ್ಲೇ ಹಾಡಿ ತೋರಿಸಲಿ, ನಾಲ್ಕು ಆವರ್ತ ಸಾಕು. ಮಗು ಹಿಂದಿರುಗಿಸಲಿ. ಗಮಕ ತಪ್ಪಿದ ಕಡೆ ತಿದ್ದಿ ಮತ್ತೆ ಹಾಡಿಸಲಿ. ಎರಡನೇ ಸಲ ತಿದ್ದುಪಡಿ ಕೂತಿತೇ? ಮೂರನೇ ಸಲಕ್ಕೆ ತನ್ನದೂ ಒಂದು ಎಳೆ ಸೇರಿಸಿತೇ? ಹತ್ತು ವರ್ಷ ಪಾಠವಾದವರು ಇಲ್ಲಿ ತಡವರಿಸುವುದುಂಟು, ಎರಡೇ ವರ್ಷ ಕಲಿತವರು ಕಣ್ಣರಳಿಸಿ ಹಿಡಿದುಬಿಡುವುದುಂಟು. ಕಾಲೇಜು ಮುಂದಿನ ಮೂರು ವರ್ಷ ಕಲಿಸಬೇಕಾದದ್ದು ಈ ಹಿಡಿಯುವ ಶಕ್ತಿಗೇ ಹೊರತು ಈಗಾಗಲೇ ಕಲಿತದ್ದಕ್ಕೆ ಅಲ್ಲವಲ್ಲ. ಪಿಯಾನೊ, ಗಿಟಾರಿನವರಿಗೂ ಇದೇ ಕ್ರಮ ನಡೆಯುತ್ತದೆ. ಕೊನೆಗೆ ಎರಡು ಮಾತು: ಯಾರನ್ನು ಕೇಳುತ್ತೀಯ, ಯಾಕೆ ಕೇಳುತ್ತೀಯ? ಸಂಗೀತ ಕೇಳದವರು ಸಂಗೀತದ ಸೀಟಿಗೆ ಬಂದಿದ್ದರೆ ಇಲ್ಲಿ ಗೊತ್ತಾಗುತ್ತದೆ.

ಆಡಿಷನ್ ಎಂದೊಡನೆ ಏಳುವ ಆಕ್ಷೇಪ ನನಗೆ ಗೊತ್ತಿದೆ, ಅದನ್ನು ಹಗುರವಾಗಿ ನೋಡುವುದಿಲ್ಲ. 'ಅಂಕಕ್ಕೆ ಮೋಸವಿಲ್ಲ, ಆಡಿಷನ್ನಿನಲ್ಲಿ ವಶೀಲಿ ನಡೆಯುತ್ತದೆ, ಇಂಥ ವಿದ್ವಾಂಸರ ಶಿಷ್ಯೆ ಎಂದರೆ ಬಾಗಿಲು ತಾನೇ ತೆರೆಯುತ್ತದೆ' ಎನ್ನುತ್ತಾರೆ. ಸಂಗೀತದ ಊರಿನಲ್ಲಿ ಇದು ನಡೆಯುವುದಿಲ್ಲ ಎಂದು ಹೇಳುವ ಧೈರ್ಯ ನನಗಿಲ್ಲ. ಅದಕ್ಕೆ ಉಪಾಯಗಳಿವೆ, ಖರ್ಚಿಲ್ಲದವು. ಹೆಸರು, ಗುರುವಿನ ಹೆಸರು, ಶಾಲೆಯ ಹೆಸರು ಕೇಳುವವರ ಮುಂದೆ ಬರದಿರಲಿ, ಕ್ರಮಸಂಖ್ಯೆ ಮಾತ್ರ ಇರಲಿ. ಬಾಸ್ಟನ್ ಸಿಂಫನಿಯವರು 1950ರ ದಶಕದಲ್ಲೇ ವಾದಕರನ್ನು ಪರದೆಯ ಹಿಂದೆ ಕೂರಿಸಿ ಕೇಳತೊಡಗಿದ್ದರು. ನಮ್ಮಲ್ಲಿ ಒಂದು ಹಳೆಯ ಪಂಚೆ ಕಟ್ಟಿದರೂ ಆದೀತು. ಹಾಡಿದ್ದನ್ನು ಮೊಬೈಲಿನಲ್ಲಿ ದಾಖಲಿಸಿಡಲಿ. ಶ್ರುತಿಗೆ, ಲಯಕ್ಕೆ, ಪಾಠಾಂತರಕ್ಕೆ, ಹಿಡಿಯುವ ಶಕ್ತಿಗೆ ಬೇರೆಬೇರೆ ಅಂಕ ಬರೆದು ಮೂವರೂ ಸಹಿ ಹಾಕಲಿ. ಕೇಳುವವರಲ್ಲಿ ಒಬ್ಬರಾದರೂ ಹೊರಗಿನವರಿರಲಿ. ಬೇಸರಪಟ್ಟವರು ದಾಖಲೆ ಕೇಳಿದರೆ ಕೊಡಲಿ. ವೈವಾ, ಪ್ರಾಯೋಗಿಕ ಪರೀಕ್ಷೆಗಳನ್ನು ವರ್ಷ ವರ್ಷ ನಡೆಸುವ ಕಾಲೇಜುಗಳಿಗೆ ಇದೇನು ಹೊಸ ವಿದ್ಯೆಯಲ್ಲ.

ಇನ್ನೊಂದು ಮಾತು, ಅಂಕಕ್ಕೆ ಮೋಸವಿಲ್ಲ ಎನ್ನುವುದೂ ಪೂರ್ತಿ ನಿಜವಲ್ಲ. ಟ್ಯೂಷನ್ನಿಗೆ ದುಡ್ಡು ಕಟ್ಟಿದ ಮನೆಯ ಅಂಕ, ಸಂಜೆ ಅಂಗಡಿಯಲ್ಲಿ ಕೂರುವ ಹುಡುಗನ ಅಂಕ ಒಂದೇ ನೆಲದ ಮೇಲೆ ಬೆಳೆದವಲ್ಲ. ರಸೆಲ್ ಮಾರ್ಕೆಟಿನ ಹಿಂದಿನ ಗಲ್ಲಿಯ ಹುಡುಗನಿಗೆ ಮದುವೆ ಬ್ಯಾಂಡಿನಲ್ಲಿ ಟ್ರಂಪೆಟ್ ಊದಿ ಬಂದ ಕಿವಿಯಿದೆ, ಪ್ರಮಾಣಪತ್ರವಿಲ್ಲ. ಗುಡಿಯ ನಾಗಸ್ವರದವರ ಮಗಳಿಗೆ ರಾಗ ಹೊಟ್ಟೆಯಿಂದಲೇ ಬಂದಿದೆ, ಗ್ರೇಡ್ ಪರೀಕ್ಷೆಯ ಶುಲ್ಕ ಕಟ್ಟುವವರಿಲ್ಲ. ಇಂಥ ಮಕ್ಕಳನ್ನು ಅಂಕಪಟ್ಟಿಯೂ ತೋರಿಸುವುದಿಲ್ಲ, ಲಂಡನ್ನಿನ ಮೊಹರೂ ತೋರಿಸುವುದಿಲ್ಲ. ಹಾಡಿಸಿ ಕೇಳಿದಾಗ ಮಾತ್ರ ಅವರು ಕಾಣುತ್ತಾರೆ.

ಪೂರ್ವ ಬೆಂಗಳೂರಿನ ಪದವಿ ಕಾಲೇಜುಗಳವರಿಗೆ ನನ್ನ ಕೋರಿಕೆಯಿದೆ. ಹಲಸೂರಿನ ಸುತ್ತಮುತ್ತ, ಕೆ.ಆರ್. ಪುರದ ಕಡೆ ಕಟ್ಟಡಗಳಿವೆ, ಮಕ್ಕಳಿದ್ದಾರೆ, ಸಂಜೆ ಖಾಲಿ ಬೀಳುವ ಕೋಣೆಗಳಿವೆ. ಪಾಠ ಹೇಳಬಲ್ಲ ವಿದ್ವಾಂಸರು ಇದೇ ಬಡಾವಣೆಗಳಲ್ಲಿ ಮನೆಪಾಠ ಹೇಳುತ್ತ ಕೂತಿದ್ದಾರೆ. ಸಂಗೀತವನ್ನು ಒಂದು ವಿಷಯವಾಗಿ ತೆರೆಯಿರಿ. ತೆರೆದ ದಿನವೇ ಪ್ರಕಟಣೆಯಲ್ಲಿ ಬರೆಯಿರಿ: ಅಂಕಕ್ಕೆ ಇಷ್ಟು, ಆಡಿಷನ್ನಿಗೆ ಇಷ್ಟು, ಕೇಳುವುದು ಇಂಥ ದಿನ. ಈಗಾಗಲೇ ಸಂಗೀತ ಕಲಿಸುತ್ತಿರುವ ವಿಭಾಗಗಳೂ ಮುಂದಿನ ಪ್ರವೇಶಕ್ಕೆ ಮೊದಲು ಈ ಒಂದು ಸಾಲನ್ನು ಅಚ್ಚು ಹಾಕಿಸಲಿ.

ಪೋಷಕರೇ, ಮೇ ತಿಂಗಳಲ್ಲಿ ಅರ್ಜಿ ಹಿಡಿದು ಕಾಲೇಜಿಗೆ ಹೋದಾಗ ಶುಲ್ಕ ಎಷ್ಟು ಎಂದು ಕೇಳುವ ಮೊದಲು ಇದನ್ನು ಕೇಳಿ: ನಮ್ಮ ಮಗುವನ್ನು ಹಾಡಿಸಿ ಕೇಳುವವರು ಯಾರು, ಯಾವತ್ತು? ಉತ್ತರ ಬರದಿದ್ದರೆ ಬರವಣಿಗೆಯಲ್ಲಿ ಕೇಳಿ, ನಾಲ್ಕು ಜನ ಸೇರಿ ಕೇಳಿ.